ಹಿಟ್ಟು ತೊಳಸುವವರು ಯಾರು?

ಇದನ್ನು ಬರೆಯಲು ಕೂತ ದಿನ ನಾಗಮಂಗಲದಲ್ಲಿರುವ ಮಗಳು ಶೋಭಾಳಿಗೆ ಫೋನು ಮಾಡಿದ್ದೆ. "ಅಂಗವಿಕಲರ ಪಿಂಚಣಿ ಅರ್ಜಿ ತಿರಸ್ಕಾರ ಆಗಿ, ಮುಂದೇನು ಅಂತ ಗೊತ್ತಿಲ್ದೆ ಕೂತಿರೋರು ನಮ್ಮ ಕಡೆ ಬೇಕಾದಷ್ಟು ಜನ ಅವ್ರೆ ಕಣವ್ವ. ಅವ್ರಿಗೆ ಧೈರ್ಯ ಬರ್ಲಿ ಅಂತ ನಮ್ಮ ಕತೆ ಬರೀತಾ ಇವ್ನಿ" ಅಂದೆ. ಅವಳು, "ಬರಿ ಅಪ್ಪ. ಆದ್ರೆ ಪೂರ್ತಿ ಬರಿ. ಡಾಕ್ಟ್ರ ಮುಂದೆ ಹೇಳ್ದಂಗೆ ಬರೀಬೇಡ" ಅಂದಳು.

ಆದ್ದರಿಂದ ಮುಚ್ಚಿಡಬೇಕು ಅನ್ನಿಸುವುದನ್ನೇ ಮೊದಲು ಬರೆಯುತ್ತೇನೆ.

ನನ್ನ ಹೆಸರು ನಿಂಗೇಗೌಡ. ಅಕ್ಕಿಹೆಬ್ಬಾಳಿನ ಪಕ್ಕದ ಒಂದು ಹಳ್ಳಿಯವನು. ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದೇನೆ. ಸ್ವಲ್ಪ ಗದ್ದೆ, ಮೂರು ಸೀಮೆಹಸು. ಊರಿನವರಿಗೆ ಅರ್ಜಿ ಬರೆದುಕೊಡುವುದು ಮೊದಲಿನಿಂದ ನನ್ನ ಅಭ್ಯಾಸ. ಪಹಣಿ ತಿದ್ದುಪಡಿ, ವಿಧವಾ ವೇತನ, ಕರೆಂಟಿನ ಟೀಸಿ ಸುಟ್ಟುಹೋದದ್ದು, ಏನೇ ಇದ್ದರೂ ನಮ್ಮ ಜಗಲಿಗೆ ಬರುತ್ತಿದ್ದರು. ನನ್ನ ಅಕ್ಷರ ನೋಡಿ ಕಚೇರಿಯ ಗುಮಾಸ್ತರೇ ಹೊಗಳಿದ್ದುಂಟು. ಅದೊಂದು ಜಂಬ ನನಗೆ.

ನನ್ನ ಹೆಂಡತಿ ಚೆಲುವಮ್ಮ. ಗಾಯವಾದದ್ದು ಅವಳಿಗೆ.

ಕೊಟ್ಟಿಗೆಯ ಪಕ್ಕ ಮೋಟರು ಹಾಕಿದ ಮೇವು ಕತ್ತರಿಸುವ ಯಂತ್ರ ಇತ್ತು. ಒಂದು ಮಧ್ಯಾಹ್ನ ನಾನು ಜೋಳದ ಕಡ್ಡಿ ಕತ್ತರಿಸುತ್ತಿದ್ದಾಗ ಕರೆಂಟು ಹೋಯಿತು. ನಾನು ಸ್ವಿಚ್ಚು ಆರಿಸಲಿಲ್ಲ. ಮರೆತು ಅಲ್ಲ. ನಮ್ಮಲ್ಲಿ ಪಂಪ್‌ಸೆಟ್ಟಿಗೂ ಹಾಗೇ ಮಾಡುತ್ತೇವೆ. ಸ್ವಿಚ್ಚು ಹಾಕಿಯೇ ಬಿಟ್ಟರೆ ಕರೆಂಟು ಬಂದಾಗ ಸದ್ದಾಗುತ್ತದೆ, ಎಲ್ಲಿದ್ದರೂ ಎದ್ದು ಬರಬಹುದು. ಹಾಗೇ ಬಿಟ್ಟು ಎದುರುಮನೆ ಕರಿಯಪ್ಪನ ಜಗಲಿಗೆ ಹೋಗಿ ಕೂತೆ. ಚೆಲುವಿ ಹಿತ್ತಲಿಂದ ಬಂದವಳು, ಯಂತ್ರ ನಿಂತಿದೆಯಲ್ಲ, ಸಿಕ್ಕಿಕೊಂಡ ಕಡ್ಡಿ ತೆಗೆದಿಡೋಣ ಅಂತ ಬಗ್ಗಿದಳು. ಕರೆಂಟು ಬಂತು. ಬೆಲ್ಟಿಗೆ ಸೆರಗು ಸುತ್ತಿಕೊಂಡು ಬಲಗೈಯನ್ನು ಭುಜದ ಸಮೇತ ಎಳೆಯಿತು.

ನನಗೆ ಮೊದಲು ಕೇಳಿಸಿದ್ದು ಹಸುಗಳು ಬೆದರಿ ಅರಚಿದ್ದು. ಓಡಿಹೋಗಿ ಸ್ವಿಚ್ಚು ಆರಿಸಿದೆ. ಆರಿಸುವಾಗಲೇ ಗೊತ್ತಾಯಿತು, ಇದನ್ನು ಆಗಲೇ ಮಾಡಬೇಕಿತ್ತು ಅಂತ. ನನ್ನ ಹಿಂದೆಯೇ ಓಡಿಬಂದ ಕರಿಯಪ್ಪ, "ಏನ್ಲಾ ನಿಂಗ, ಏನಾಯ್ತ್ಲಾ?" ಅಂತ ಕೂಗಿದ.

"ಸ್ವಿಚ್ ಆರಿಸ್ದೆ ಕೈ ಹಾಕ್ಬುಟ್ಟವ್ಳೆ ಕಣ್ಲಾ" ಅಂದೆ.

ಯೋಚನೆ ಮಾಡಿ ಹೇಳಿದ್ದಲ್ಲ. ಬಾಯಿಗೆ ಅದೇ ಬಂತು. ಆದರೆ ಬಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮೈಸೂರಿನ ಆಸ್ಪತ್ರೆಯಲ್ಲೂ, ಯಂತ್ರ ಹಾಕಿದ್ದವಳೂ ಅವಳೇ ಅನ್ನುವ ಹಾಗೆ ಅದನ್ನೇ ಹೇಳಿ ಬರೆಸಿದೆ. ಎರಡು ದಿನ ಆದ ಮೇಲೆ ಚೆಲುವಿಗೆ ಸರಿಯಾಗಿ ಎಚ್ಚರವಾದಾಗ ಒಬ್ಬ ನರ್ಸು, "ಏನಮ್ಮ, ಸ್ವಿಚ್ ಆರಿಸದೆ ಯಾರಾದ್ರೂ ಮಿಷನ್ನಿಗೆ ಕೈ ಹಾಕ್ತಾರಾ?" ಅಂತ ಕೇಳಿದರು. ಆ ಗಳಿಗೆ ಸರಿಯಾಗಿ ನೆನಪಿರದ ಚೆಲುವಿ ನನ್ನ ಕಡೆ ತಿರುಗಿದಳು.

"ನಾನು ಆರಿಸಿರ್ನಿಲ್ವಾ?"

"ಊಂ ಕಣೆ. ನೀನು ಮರ್ತಿದ್ದೆ. ಓಗ್ಲಿ ಬುಡು, ಆದದ್ದಾಯ್ತು" ಅಂದೆ.

ತಪ್ಪನ್ನು ಮನ್ನಿಸಿದವನ ಹಾಗೆ ಅಂದೆ. ಅವಳು ಕಣ್ಣು ಮುಚ್ಚಿಕೊಂಡಳು.

ಮೂಳೆ ಕೂಡಿತು, ನರ ಕೂಡಲಿಲ್ಲ. ಭುಜದ ನರಗಳು ಕಿತ್ತುಹೋಗಿವೆ, ಎಷ್ಟು ವಾಪಸು ಬರುತ್ತದೋ ಅಷ್ಟು, ಕಾಯಬೇಕು ಅಂದರು. ಕಾಯುವುದು ಎಂದರೆ ಏನು ಅಂತ ಆಮೇಲೆ ಗೊತ್ತಾಯಿತು. ಅಕ್ಕಿಹೆಬ್ಬಾಳಿನಲ್ಲಿ ರೈಲು ಹತ್ತಿ ಮೈಸೂರು, ಚೀಟಿ ಮಾಡಿಸುವ ಸಾಲು, ಉದ್ದನೆಯ ಬೆಂಚು, ಹೆಸರು ಕೂಗುವವರೆಗೆ ಗೋಡೆಯ ಚಿತ್ರ ನೋಡುವುದು. ಹೆಸರು ಕೂಗಿದರೆ ಐದು ನಿಮಿಷ. "ಬೆರಳು ಮಡಿಸಿ. ಮೇಲೆತ್ತಿ. ಎತ್ತಕ್ಕಾಗಲ್ವಾ? ಸರಿ, ಮುಂದಿನ ತಿಂಗಳು ಬನ್ನಿ." ಹೀಗೆ ಎರಡು ವರ್ಷ. ಬೆರಳುಗಳು ಸ್ವಲ್ಪ ಮಡಚುವಷ್ಟು ಬಂದವು. ತೋಳು ಏಳಲೇ ಇಲ್ಲ. ನೋಡುವವರಿಗೆ ಕೈ ಕೈಯ ಹಾಗೇ ಕಾಣುತ್ತದೆ. ಅದೇ ಕಷ್ಟ. ಕೈಯೊಳಗೆ ಕೆಂಜಿಗ ಹರಿದ ಹಾಗೆ ಉರಿ ಅನ್ನುತ್ತಿದ್ದಳು. ಮಗು ಮಲಗಿಸಿಕೊಂಡಂತೆ ಬಲಗೈಯನ್ನು ಎಡಗೈಯಲ್ಲಿ ಎದೆಗೆ ಒತ್ತಿಕೊಂಡೇ ಕೂರುತ್ತಿದ್ದಳು. ಒಂದು ಸಲ ರೈಲಿನಲ್ಲಿ ಗುರುತು ಪರಿಚಯ ಇಲ್ಲದ ಒಬ್ಬ ಹೆಂಗಸು, "ಬಾ ಅಕ್ಕ, ತಲೆ ಕೆದರೋಗದೆ" ಅಂತ ಎಳೆದು ಕೂರಿಸಿಕೊಂಡು ಜಡೆ ಹಾಕಿಕೊಟ್ಟಳು. ಅವತ್ತು ಊರು ಬರುವವರೆಗೂ ಚೆಲುವಿಯ ಮುಖ ತಿಳಿಯಾಗಿತ್ತು.

ಮನೆಯಲ್ಲಿ ಅಡಿಗೆ ನನ್ನ ಪಾಲಿಗೆ ಬಂತು. ಅನ್ನ, ಸಾರು ಹೇಗೋ ಆಗುತ್ತದೆ. ಹಿಟ್ಟು ತೊಳಸುವುದು ಹಾಗಲ್ಲ. ಮುದ್ದೆಗೆ ನಾವು ಹಿಟ್ಟು ಅಂತಲೇ ಅನ್ನುವುದು. ಕುದಿಯುವ ಪಾತ್ರೆಯನ್ನು ಅಲ್ಲಾಡದಂತೆ ಒತ್ತಿ ಹಿಡಿದು, ಎರಡು ಕೈಯ ಬಲ ಹಾಕಿ ಕೋಲಿನಲ್ಲಿ ತಿರುವಬೇಕು. ಚೆಲುವಿ ಮಣೆಯ ಮೇಲೆ ಕೂತು ಹೇಳುತ್ತಿದ್ದಳು: "ಅಂಗಲ್ಲ, ಅಂಚಿನಿಂದ ಒತ್ತು. ಗದ್ದೇಲಿ ಹಾರೆ ಹಾಕೋಕೆ ಬಲ ಐತೆ, ಇದುಕ್ಕಿಲ್ವಾ?" ಮೊದಲ ತಿಂಗಳೆಲ್ಲ ಬರೀ ಗಂಟು. ಅವಳು ಗಂಟನ್ನು ತಟ್ಟೆಯ ಅಂಚಿಗೆ ಸರಿಸಿ, ಉಳಿದದ್ದನ್ನು ಉಣ್ಣುತ್ತಿದ್ದಳು.

ನಾನು ಬೀದಿಬಾಗಿಲು ಹಾಕಿಕೊಂಡು ಹಿಟ್ಟು ತೊಳಸುತ್ತಿದ್ದೆ. ಅದಕ್ಕೆ ಕಾರಣ ಉಂಟು. ಬಹಳ ಹಿಂದೆ ನಮ್ಮೂರಿನ ಒಬ್ಬ, ಹೆಂಡತಿ ಹಾಸಿಗೆ ಹಿಡಿದಾಗ ತಾನೇ ಅಡಿಗೆ ಮಾಡುತ್ತಿದ್ದ. ಅವನಿಗೆ 'ಹಿಟ್ಟಿನಕೋಲು' ಅಂತ ಹೆಸರಿಟ್ಟವನು ನಾನೇ. ಸಾಯುವವರೆಗೂ ಅವನಿಗೆ ಅದೇ ಹೆಸರು ಉಳಿಯಿತು. ಊರು ಹೇಗೆ ನಗುತ್ತದೆ ಅಂತ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಕರಿಯಪ್ಪ ಬಿಡುತ್ತಿರಲಿಲ್ಲ. "ನಡುಮಧ್ಯಾನ್ವೇ ಬಾಗ್ಲು ಆಕ್ಕಂಡು ಏನ್ಲಾ ಮಾಡ್ತೀಯೆ? ಈ ವಯಸ್ಸಲ್ಲೂ ನಿಂಗೆ ಚಪಲ ಓಗ್ನಿಲ್ವಲ್ಲೋ."

"ನಿಂಗ್ಯಾಕ್ಲಾ ಒಟ್ಟೆಉರಿ?" ಅಂತ ನಗುತ್ತಿದ್ದೆ. ಆ ಅಪವಾದವೇ ಮೇಲು ಅನ್ನಿಸುತ್ತಿತ್ತು.

ಮಗಳು ಹೇಳಿ ಹೇಳಿ ಸಾಕಾಗಿ ಪಿಂಚಣಿಗೆ ಅರ್ಜಿ ಹಾಕಿಸಿದಳು. ಫಾರಂ ನಾನೇ ತುಂಬಿದೆ. ನೂರಕ್ಕೆ ನಲವತ್ತಾದರೂ ಊನ ಇದೆ ಅಂತ ಡಾಕ್ಟರು ಬರೆಯಬೇಕು. ತಪಾಸಣೆಯ ದಿನ ಬೆಳಿಗ್ಗೆಯೇ ಹೋಗಿ ಸಾಲಿನಲ್ಲಿ ಕೂತೆವು. ಆ ಓಣಿಯಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಎಲ್ಲರೂ ಪಕ್ಕದವರ ಕಾಲು, ಕೈ ನೋಡುತ್ತಿದ್ದರು. ನಮ್ಮ ಹಿಂದೆಯೇ ನಮ್ಮೂರಿನ ಇಬ್ಬರು ನಿಂತಿದ್ದರು. ಬಾಗಿಲು ತೆರೆದೇ ಇತ್ತು.

ಡಾಕ್ಟರು ನಮ್ಮ ಕಡೆಯವರೇ. ಕೈ ನೋಡಿದರು, ಬೆರಳು ಮಡಿಸಲು ಹೇಳಿದರು. ಆಮೇಲೆ ಎಲ್ಲ ತಿಳಿದವರ ಹಾಗೆ ಒಂದು ಪ್ರಶ್ನೆ ಕೇಳಿದರು. "ಅಮ್ಮಾ, ಮನೇಲಿ ಹಿಟ್ಟು ತೊಳಸೋರು ಯಾರು?"

ಅದು ನಮ್ಮ ಪರವಾಗಿ ಕೇಳಿದ ಪ್ರಶ್ನೆ. ಇದ್ದದ್ದು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಹಿಂದೆ ನಿಂತಿದ್ದ ಇಬ್ಬರ ಉಸಿರು ನನ್ನ ಕುತ್ತಿಗೆಗೆ ತಾಕಿದ ಹಾಗಾಯಿತು.

"ಅವಳೇ ಸಾರ್. ಇನ್ಯಾರು" ಅಂದೆ.

"ಹೌದೇನಮ್ಮ?"

ಚೆಲುವಿ ನನ್ನ ಕಡೆ ನೋಡಲಿಲ್ಲ. ನೆಲ ನೋಡಿಕೊಂಡು "ಊಂ" ಅಂದಳು.

"ಉಳಿದ ಕೆಲಸ?"

"ಎಲ್ಲಾ ಮಾಡ್ಕತಾಳೆ ಸಾರ್. ಏನೂ ತೊಂದ್ರೆ ಇಲ್ಲ."

ಡಾಕ್ಟರು ಮತ್ತೊಂದು ಸಲ ಕೈ ನೋಡಿ, ಬರೆದರು. ಅವರದೇನೂ ತಪ್ಪಿಲ್ಲ. ಗಂಡ ಎದುರಿಗೆ ಕೂತು ಏನೂ ತೊಂದರೆ ಇಲ್ಲ ಅಂದರೆ ಯಾರು ತಾನೆ ಬೇರೆ ಬರೆದಾರು? ಕೆಲವು ತಿಂಗಳಾದ ಮೇಲೆ ಕಚೇರಿಯಿಂದ ಉತ್ತರವಾಗಿ ಹಿಂಬರಹ ಬಂತು. ಊನದ ಪ್ರಮಾಣ ಸಾಲದು, ದೈನಂದಿನ ಕೆಲಸಗಳನ್ನು ಸ್ವತಃ ಮಾಡಿಕೊಳ್ಳುತ್ತಾರೆ, ಅರ್ಜಿ ತಿರಸ್ಕರಿಸಿದೆ. ಅಂಥ ಹಿಂಬರಹಗಳನ್ನು ಊರಿನವರಿಗೆ ಎಷ್ಟೋ ಸಲ ಓದಿ ಹೇಳಿದ್ದೇನೆ. ಇದನ್ನು ಓದಲು ನನಗೆ ಬಾಯಿ ಬರಲಿಲ್ಲ.

"ಬರ್ನಿಲ್ವಾ?" ಅಂದಳು ಚೆಲುವಿ.

"ಇಲ್ಲ."

"ಓಗ್ಲಿ ಬುಡು. ತಪ್ಪು ನಂದೇ ಅಲ್ವಾ."

ಡಾಕ್ಟರ ಮುಂದೆ 'ಊಂ' ಅಂದದ್ದಕ್ಕೆ ಹೀಗನ್ನುತ್ತಾಳೆ ಅಂದುಕೊಂಡೆ.

ಹಿಂಬರಹವನ್ನು ಟ್ರಂಕಿನಲ್ಲಿಟ್ಟೆ. ಅದು ಅಲ್ಲೇ ಇರುತ್ತಿತ್ತೋ ಏನೋ. ಒಂದು ದಿನ ಶೋಭಾ ಹೇಳದೆ ಕೇಳದೆ ಬಂದಳು. ಮುಂದಿನ ಬಾಗಿಲು ಹಾಕಿತ್ತು ಅಂತ ಹಿತ್ತಲಿಂದ ಒಳಗೆ ಬಂದರೆ ಅಪ್ಪ ಪಂಚೆ ಎತ್ತಿಕಟ್ಟಿ, ಪಾತ್ರೆ ಮುಂದೆ ಕುಕ್ಕುರುಗಾಲಲ್ಲಿ ಕೂತು ಹಿಟ್ಟು ತೊಳಸುತ್ತಿದ್ದಾನೆ. ಅವಳಿಗೆ ಮೊದಲು ನಗು ಬಂತು.

"ಅಯ್ಯೋ ಶಿವನೇ! ಇದ್ಯಾವಾಗಿಂದ ಅಪ್ಪಾ?"

"ಇವತ್ತೊಂದಿನ ಕಣವ್ವ" ಅಂದೆ.

"ಅವ್ವಾ?" ಅಂದಳು. ಚೆಲುವಿ ಬಲಗೈಯನ್ನು ಇನ್ನಷ್ಟು ಎದೆಗೆ ಒತ್ತಿಕೊಂಡಳು. ಶೋಭಾ ಪಾತ್ರೆಯೊಳಗೆ ಇಣುಕಿದಳು. ಒಂದು ಗಂಟೂ ಇರಲಿಲ್ಲ. ಇದು ಇವತ್ತೊಂದು ದಿನದ ಕೆಲಸವಲ್ಲ ಅಂತ ಅಷ್ಟರಲ್ಲೇ ಅವಳಿಗೆ ಗೊತ್ತಾಯಿತು. ಹಿಂಬರಹ ಎಲ್ಲಿ ಅಂತ ಕೇಳಿ ತೆಗೆಸಿ ಓದಿದಳು. ಡಾಕ್ಟರ ಮುಂದೆ ಏನಾಯಿತು ಅಂತ ಬಿಡದೆ ಕೇಳಿದಳು. ಹೇಳಿದೆ.

"ಅವ್ವನ ಕೈಗಿಂತ ನಿನ್ನ ಮೀಸೆ ದೊಡ್ಡದಾ ಅಪ್ಪಾ?"

ಮಗಳ ಬಾಯಲ್ಲಿ ಈ ಮಾತು ಕೇಳಿದ ಮೇಲೆ ಹಿಟ್ಟು ಒಲೆ ಮೇಲೆಯೇ ತಣ್ಣಗಾಯಿತು. ಅವತ್ತು ಮೂವರೂ ಸರಿಯಾಗಿ ಉಣ್ಣಲಿಲ್ಲ.

ಪಾಂಡವಪುರದ ಉಪವಿಭಾಗಾಧಿಕಾರಿಗಳ ಕಚೇರಿಗೆ ಮೇಲ್ಮನವಿ ಹಾಕಬಹುದು ಅಂತ ಶೋಭಾ ವಿಚಾರಿಸಿಕೊಂಡು ಬಂದಳು. ಅಷ್ಟು ಅರ್ಜಿ ಬರೆದ ನನಗೆ ಅದನ್ನು ಬರೆಯಲು ಮೂರು ದಿನ ಬೇಕಾಯಿತು. 'ಮೇಲ್ಕಂಡ ಅರ್ಜಿದಾರರ ಪತಿಯಾದ ನಾನು ಹಿಟ್ಟು ತೊಳಸುತ್ತೇನೆ' ಅಂತ ಬರೆದು, ಹೊಡೆದುಹಾಕಿ, 'ಅಡಿಗೆ ಇತ್ಯಾದಿ ಕೆಲಸಗಳಿಗೆ ನೆರವಾಗುತ್ತೇನೆ' ಅಂತ ತಿದ್ದಿದೆ. ಶೋಭಾ ಅದನ್ನೂ ಹೊಡೆದುಹಾಕಿ ಮೊದಲಿನದನ್ನೇ ಬರೆಸಿದಳು.

ನೆರೆಯವರ ಹೇಳಿಕೆ ಒಂದಿದ್ದರೆ ಒಳ್ಳೆಯದು ಅಂದಿದ್ದರು. ಕರಿಯಪ್ಪನ ಹತ್ತಿರ ಹೋಗಿ ಕಾಗದ ಕೊಟ್ಟೆ. ಓದಿಸಿಕೊಂಡು ನನ್ನ ಮುಖ ನೋಡಿದ.

"ಥೂ ನಿನ್ನ! ಬಾಗ್ಲು ಆಕ್ಕಂತಿದ್ದುದ್ದು ಇದುಕ್ಕಾ?"

ನಗುತ್ತಾನೆ ಅಂತ ಕಾದೆ. ನಗಲಿಲ್ಲ. "ಗಂಟಾಯ್ತದಾ?" ಅಂದ.

"ಈಗ ಆಗಕಿಲ್ಲ."

"ನಂಗೆ ಕೊನೇವರ್ಗೂ ಗಂಟೇ ಕಣ್ಲಾ" ಅಂದ. ಅವನ ಹೆಂಡತಿ ತೀರಿಹೋಗುವ ಮುಂಚೆ ನಾಲ್ಕು ತಿಂಗಳು ಮಲಗಿದ್ದಳು. ಆಗ ಅವನ ಬಾಗಿಲೂ ಹಾಕಿರುತ್ತಿತ್ತು ಅನ್ನುವುದು ಅವತ್ತು ನೆನಪಾಯಿತು. ಕಾಗದ ಎಳೆದುಕೊಂಡು ಸಹಿ ಹಾಕಿದ.

ಅವನಿಗೆ ಅಷ್ಟು ಹೇಳಿದವನು ಸ್ವಿಚ್ಚಿನ ವಿಷಯ ಹೇಳಲಿಲ್ಲ. ಅರ್ಜಿಗೂ ಅದಕ್ಕೂ ಏನು ಸಂಬಂಧ ಅಂತ ನನಗೆ ನಾನೇ ಹೇಳಿಕೊಂಡೆ.

ವಿಚಾರಣೆಯ ದಿನ ಚಿನಕುರಳಿ ಮೇಲೆ ಹೋಗುವ ಬಸ್ಸಿನಲ್ಲಿ ನಾವು ಮೂವರೂ ಪಾಂಡವಪುರಕ್ಕೆ ಹೋದೆವು. ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂತಿದ್ದೆವು. ನಮ್ಮ ಸರದಿ ಬಂದಾಗ ಒಳಗೆ ಕರೆದರು. ಅಧಿಕಾರಿ ಹೆಂಗಸು, ಮೃದುವಾದ ಮಾತು. ಮನವಿ ಪೂರ್ತಿ ಓದಿ, ನಾನು ಬಾಯಿ ತೆರೆಯುವಷ್ಟರಲ್ಲಿ, "ನೀವು ಇರಿ ಯಜಮಾನರೇ. ಅಮ್ಮ ಹೇಳಲಿ" ಅಂದರು.

ನಲವತ್ತು ವರ್ಷ ಚೆಲುವಿಗೆ ಕೇಳಿದ ಪ್ರಶ್ನೆಗೆಲ್ಲ ನಾನೇ ಉತ್ತರ ಹೇಳಿದ್ದೆ. ಅವಳು ಒಂದು ಸಲ ನನ್ನ ಕಡೆ ನೋಡಿ, ಆಮೇಲೆ ಅವರ ಕಡೆ ತಿರುಗಿದಳು.

"ತಪ್ಪು ನಂದು ತಾಯಿ. ಸ್ವಿಚ್ ಆರಿಸೋದು ಮರ್ತು ಕೈ ಆಕ್ದೆ. ಕೈಯಾರೆ ಮಾಡ್ಕಂಡಿದ್ದಕ್ಕೆ ಸರಕಾರ ಯಾಕೆ ಕೊಡ್ಬೇಕು? ಅವ್ರು ಕೊಡಾಕಿಲ್ಲ ಅಂದಿದ್ದು ಸರಿಯಾಗೇ ಐತೆ. ಮಗಳ ಬಲವಂತಕ್ಕೆ ಬಂದೆ. ಅರ್ಜಿ ವಾಪಸ್ ತಕಂಡ್ಬುಡ್ತೀನಿ."

"ಅವ್ವಾ!" ಅಂದಳು ಶೋಭಾ.

ಅಧಿಕಾರಿ, "ಯಾರ ತಪ್ಪು ಅಂತ ಇಲ್ಲಿ ಯಾರೂ ಕೇಳಲ್ಲ ಅಮ್ಮ. ಕೈ ಎಷ್ಟು ಕೆಲಸ ಮಾಡುತ್ತೆ, ಅಷ್ಟೇ" ಅಂದರು.

"ನೀವು ಕೇಳಾಕಿಲ್ಲ ತಾಯಿ. ನನ್ನ ಮನಸ್ಸು ಕೇಳ್ತದಲ್ಲ. ಅವತ್ತಿಂದ ಮನೇಲಿ ಒಂದು ದೀಪದ ಸ್ವಿಚ್ಚೂ ಮುಟ್ಟಿಲ್ಲ ನಾನು."

ಅದು ನಿಜ. ಸಂಜೆಯಾದರೆ "ಲೈಟಾಕು ಬಾ" ಅಂತ ಕರೆಯುತ್ತಿದ್ದಳು. ಕೈ ಏಳುವುದಿಲ್ಲ, ಅದಕ್ಕೆ ಕರೆಯುತ್ತಾಳೆ ಅಂತಿದ್ದೆ ನಾನು. ಎಡಗೈ ಚೆನ್ನಾಗಿಯೇ ಇತ್ತು. ಮೂರು ವರ್ಷದಲ್ಲಿ ಅಷ್ಟನ್ನೂ ಯೋಚಿಸಿರಲಿಲ್ಲ.

ಅವಳು ಏಳಲು ಕುರ್ಚಿಯ ತೋಳು ಹಿಡಿದಳು. ಎದ್ದು ಹೋಗಿದ್ದರೆ ಅವಳ ಪಾಲಿನದು ಅವಳಿಗೆ ಯಾವತ್ತೂ ಸಿಗುತ್ತಿರಲಿಲ್ಲ.

"ಸ್ವಿಚ್ ಆರಿಸದೆ ಬಿಟ್ಟವನು ನಾನು ಮೇಡಂ" ಅಂದೆ. "ಅವಳು ಮುಟ್ಟೇ ಇರಲಿಲ್ಲ. ಆಸ್ಪತ್ರೇಲಿ ನಾನು ಸುಳ್ಳು ಹೇಳಿದೆ. ಅವಳಿಗೂ ಹೇಳಿದೆ."

ಮೂಲೆಯಲ್ಲಿ ಬರೆದುಕೊಳ್ಳುತ್ತಿದ್ದ ಗುಮಾಸ್ತರು ಪೆನ್ನು ಎತ್ತಿ ಹಾಗೇ ಹಿಡಿದಿದ್ದರು. ಚೆಲುವಿ ನನ್ನನ್ನೇ ನೋಡಿದಳು. ಬೈಯುತ್ತಾಳೆ, ಅಳುತ್ತಾಳೆ ಅಂದುಕೊಂಡೆ. ಲೆಕ್ಕಕ್ಕೆ ಸಿಗದ ಯಾವುದನ್ನೋ ಹುಡುಕುವವಳ ಹಾಗೆ ಹುಬ್ಬು ಗಂಟಿಕ್ಕಿದ್ದಳು.

"ಅವತ್ತು ಆಸ್ಪತ್ರೇಲಿ ನಾನು ಕೇಳಿದ್ನಲ್ಲ?"

"ಊಂ."

"ನಾನು ಆರಿಸಿರ್ನಿಲ್ವಾ ಅಂತ ಕೇಳಿದ್ನಲ್ಲ?"

"ಊಂ ಕಣೆ."

ಅಧಿಕಾರಿ ತಮ್ಮ ಮುಂದಿದ್ದ ನೀರಿನ ಲೋಟ ಅವಳ ಕಡೆ ಸರಿಸಿದರು. ಅವಳು ಎಡಗೈಯಲ್ಲಿ ಎತ್ತಿ ಕುಡಿದಳು. ಲೋಟ ಕೆಳಗಿಟ್ಟ ಮೇಲೆ ಅವರು, "ಅರ್ಜಿ ವಾಪಸ್ ತಗೋತೀರಾ ಅಮ್ಮ?" ಅಂತ ಕೇಳಿದರು.

"ಇಲ್ಲ ತಾಯಿ" ಅಂದಳು ಚೆಲುವಿ. "ಈಗ ಬೇಕು ನಂಗೆ."

ಮತ್ತೆ ತಪಾಸಣೆ ಮಾಡಿಸಬೇಕು ಅಂತ ಆದೇಶವಾಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಚೆಲುವಿ ಮುಂದಿನ ಸೀಟಿನಲ್ಲಿ ಮಗಳ ಪಕ್ಕ ಕೂತಳು. ನಾನು ಹಿಂದೆ ಎಲ್ಲೋ ಕೂತೆ. ಮನೆಗೆ ಬಂದ ಮೇಲೂ ಜಗಳ ಆಗಲಿಲ್ಲ. ನಾನು ಕರಿಯಪ್ಪನಿಗೆ ಸ್ವಿಚ್ಚಿನ ವಿಷಯ ಹೇಳಿದೆ, ಆಮೇಲೆ ಕೇಳಿದವರಿಗೆಲ್ಲ ಹೇಳಿದೆ. ಕೆಲವರು ನಕ್ಕರು, ಕೆಲವರು ನಮ್ಮ ಜಗಲಿಗೆ ಬರುವುದು ಬಿಟ್ಟರು. ಚೆಲುವಿ ಬೇಕಾದಷ್ಟೇ ಮಾತಾಡುತ್ತಿದ್ದಳು. ಹಾಲು ಕರೆದಾಯ್ತಾ, ಉಪ್ಪು ಮುಗಿದಿದೆ, ಅಷ್ಟೇ. ಹದಿನೈದು ದಿನ ಆಗಿರಬೇಕು, ಊಟ ಮಾಡುತ್ತಾ ಇದ್ದಕ್ಕಿದ್ದಂತೆ ಕೇಳಿದಳು.

"ಕರಿಯಣ್ಣನ ಜಗಲೀಲಿ ಅವತ್ತು ಏನು ಮಾತಾಡ್ತಿದ್ರಿ?"

ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. "ಗೊತ್ತಿಲ್ಲ ಕಣೆ" ಅಂದೆ. ಅವಳು ತಟ್ಟೆ ಎತ್ತಿಕೊಂಡು ಎದ್ದುಹೋದಳು. ಕೈಯ ವಿಷಯ ಮತ್ತೆ ಯಾವತ್ತೂ ನನ್ನ ಹತ್ತಿರ ಎತ್ತಿಲ್ಲ.

ಎರಡನೆಯ ತಪಾಸಣೆಗೆ ಅವಳು ಮಗಳ ಜೊತೆ ಒಳಗೆ ಹೋದಳು. ನನಗೆ ಹೊರಗಿರು ಅಂದಳು. ಓಣಿಯಲ್ಲಿ ನನ್ನ ಪಕ್ಕ ಕೋಲೂರಿ ಕೂತಿದ್ದ ಅಜ್ಜ, "ನಿಮ್ದು ಯಾವ ಅಂಗ ಯಜಮಾನ್ರೇ?" ಅಂತ ಕೇಳಿದ. ಹೆಂಡತಿದು ಅಂದೆ. ಒಳಗೆ ಏನು ಕೇಳಿದರು, ಅವಳು ಏನು ಹೇಳಿದಳು, ನನಗೆ ಈಗಲೂ ತಿಳಿಯದು. ಬಹಳ ಹೊತ್ತು ಇದ್ದಳು. ಮೈಸೂರಿನ ನರದ ರಿಪೋರ್ಟು ನೋಡಿದರಂತೆ. ಈ ಸಲ ಬರೆದದ್ದು ನಲವತ್ತಕ್ಕಿಂತ ಸಾಕಷ್ಟು ಮೇಲಿತ್ತು. ಆಮೇಲೆ ಮಂಜೂರಾತಿ ಆದೇಶ ಬಂತು.

ಅರ್ಜಿ ತಿರಸ್ಕಾರವಾಗಿ ಕೂತವರಿಗೆ ನಾನು ಹೇಳುವುದು ಇಷ್ಟೆ. ಹಿಂಬರಹ ಬಿಸಾಡಬೇಡಿ, ಕಾರಣ ಏನು ಬರೆದಿದ್ದಾರೆ ಓದಿ, ಮೇಲ್ಮನವಿಗೆ ದಾರಿ ಇದೆ. ಮತ್ತೆ, ನೋವು ಯಾರದೋ ಅವರೇ ಮಾತಾಡಲಿ.

ಪಿಂಚಣಿಗೆ ಚೆಲುವಿಯ ಹೆಸರಿನಲ್ಲೇ ಒಂದು ಖಾತೆ ಬೇಕಿತ್ತು. ಇಬ್ಬರೂ ಬ್ಯಾಂಕಿಗೆ ಹೋದೆವು. ಹೆಬ್ಬೆಟ್ಟು ಒತ್ತಬಹುದು ಅಂದರು. ಅವಳು ಒಪ್ಪಲಿಲ್ಲ. ಒಂದು ತಿಂಗಳಿಂದ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಎಡಗೈಯಲ್ಲಿ ಹೆಸರು ಬರೆದು ಬರೆದು ಅಭ್ಯಾಸ ಮಾಡಿಕೊಂಡಿದ್ದಳು. ಫಾರಂ ತುಂಬುವುದು ಎಂದಿನಂತೆ ನನ್ನ ಕೆಲಸ. ಹೆಸರು, ಊರು, ವಯಸ್ಸು ಬರೆದೆ. ನಾಮಿನಿ ಅನ್ನುವ ಕಾಲಂ ಬಂತು. ಯಾರನ್ನೂ ಕೇಳದೆ ನನ್ನ ಹೆಸರಿನ ಮೊದಲ ಅಕ್ಷರ ಬರೆದೆ.

ಚೆಲುವಿ ಬಗ್ಗಿ ನೋಡುತ್ತಿದ್ದಳು.

"ಅದೇನು?"

"ನಾಮಿನಿ. ನಿನ್ನ ನಂತರ ಇದು ಯಾರಿಗೆ ಸೇರ್ಬೇಕು ಅಂತ."

"ಅಲ್ಲಿ ಶೋಭಾ ಅಂತ ಬರಿ" ಅಂದಳು.

ಬರೆದ ಅಕ್ಷರ ಹೊಡೆದು, ಪಕ್ಕದಲ್ಲಿ ಮಗಳ ಹೆಸರು ಬರೆದೆ. ಸಂಬಂಧ ಅನ್ನುವ ಕಡೆ 'ಮಗಳು' ಅಂತ ಬರೆದೆ. ಹೊಡೆದ ಜಾಗದಲ್ಲೂ ಸಹಿ ಬೇಕು ಅಂದರು ಬ್ಯಾಂಕಿನವರು. ಚೆಲುವಿ ಪೆನ್ನು ಇಸಿದುಕೊಂಡು ಎರಡೂ ಕಡೆ ಸಹಿ ಹಾಕಿದಳು.